ಗ್ವಾಡಿ ತಿರಗತೈತಿ

ಮೂರು ಅಂತಸ್ತಿನ ಕೇಕು. ಸಂಜೀ ಐದಕ್ಕ
ಚಿಂಚಿಣಿ ಇಗರ್ಜಿಯಾಗ ಮದಿವಿ.
ಮಡಗಾಂವದ ಮೇ ತಿಂಗಳು,
ಹತ್ತೂವರಿಗೆ ಕರೆಂಟ್ ಹೋತು.
ಬೆಣ್ಣಿ ಬೆವರಾಕ ಹತ್ತಿತು, ನನಗಿಂತ ಮೊದಲ.

ಫ್ರಿಜ್ಜಿನ ಬಾಗಲಾ ಯಾರೂ ತಗೀಬಾರದು ಅಂತ
ಎಸ್ಪೆರಾನ್ಸಾ ಬಾಯಿ ಅದರ ಮುಂದ ಕುರ್ಚಿ ಹಾಕ್ಕೊಂಡು ಕುಂತಾಳ,
ಒಂದು ಕೈಯಾಗ ಜಪಸರ, ಇನ್ನೊಂದರಾಗ ಬೀಸಣಿಕಿ.
ಈ ವಿದ್ಯಾ ಕಲಿಸಿದಾಕಿ ಆಕೀನ:
ಮೊದಲ ತೆಳ್ಳಗ ಒಂದು ಕೈ ಬಳಿ,
ಪುಡಿ ಎಲ್ಲಾ ಹಿಡದು ಕುಂದರಲಿ, ತಂಪಿಗಿಡು.
ಆಮ್ಯಾಲ ದಪ್ಪ ಹಚ್ಚು, ಬೇಕಾದದ್ದಕ್ಕಿಂತ ಹೆಚ್ಚಿಗಿ ಹಚ್ಚು,
ಜಿಪುಣರ ಕೇಕಿಗೆ ಅಂಚು ಬರಂಗಿಲ್ಲ.
ಪಟ್ಟಿ ಬಿಸಿನೀರಾಗ ಅದ್ದು, ಒರಸು,
ನೆಟ್ಟಗ ಹಿಡಿ, ಉಸರು ಬಿಡಬ್ಯಾಡ, ತಿರುವು.

ನಾಕು ತಿಂಗಳು ತಿರುವೇನಿ.
ಒಮ್ಮೆ ತೂತು ಬಿದ್ದವು, ಸಿಡುಬಿನ ಮಾರಿಯಂಗ.
ಒಮ್ಮೆ ನಡಕ ಸೊಂಟ ಬಂತು.
ಒಮ್ಮೆ ಎಲ್ಲಾ ಚಲೋ ಆಗಿ, ಕಡೀಕ
ಪಟ್ಟಿ ಎತ್ತೂ ಹೊತ್ತಿನ್ಯಾಗ ಒಂದು ಗೆರಿ ಉಳೀತು.
ನನಗಷ್ಟ ಕಾಣತಿತ್ತು ಅದು.
ಆ ರಾತ್ರಿ ನಿದ್ದಿ ಬರಲಿಲ್ಲ.

ಹನ್ನೊಂದಕ್ಕ ಅಪ್ಪ ಬಂದ, ಹಿಂದಿನ ಬಾಗಲಿಗೆ, ಬುತ್ತಿ ಹಿಡಕೊಂಡು.
ಹುನಗುಂದದ ಕಡೀಂದ ವಾಸ್ಕೋಕ್ಕ ಬಂದು
ಇಪ್ಪತ್ತೆಂಟು ವರ್ಷ ಮಂದಿ ಗ್ವಾಡಿಗೆ ಗಿಲಾವು ಮಾಡಿದಾವ.
ಹೋದ ವರ್ಷ ಪರಾಂಚಿ ಜಾರಿ ಬಲಗೈ ಮುರೀತು.
ಕೂಡಿತು ಖರೆ. ಸೊಟ್ಟ ಕೂಡಿತು.

ಒಳಗ ಬಾ ಅಂದ್ರ ಬರಂಗಿಲ್ಲ,
ಚಪ್ಪಲಿ ಬಿಟ್ಟು ಹೊಸ್ತಿಲದ ಮ್ಯಾಲ ಕುಂತ, ನೋಡಿದ,
ಭಾಳ ಹೊತ್ತು ಸುಮ್ಮನಿದ್ದ. ತಡೀಲಿಲ್ಲ.
"ಕೈ ಯಾಕ ಓಡಸ್ತಿ ಯವ್ವಾ?
ನಾ ಓಡಸ್ತಿದ್ದೆ, ನನ್ನ ಗ್ವಾಡಿ ನಿಂದರತಿತ್ತು.
ಇಲ್ಲಿ ಗ್ವಾಡೀನ ತಿರಗತೈತಲ್ಲ!
ಎರಡೂ ಓಡಿದ್ರ ಹೆಂಗ?
ಗೂಟ ಆಗು."

ಮೊಣಕೈ ಪಕ್ಕಡಿಗೆ ಒತ್ತಿದೆ. ಗೂಟ ಆದೆ.
ಎಡಗೈಲೆ ಮಣೀ ತಿರುವಿದೆ, ಹಗೂರಕ, ಎಲ್ಲೂ ನಿಂದರಸದ,
ಒಂದು ಸುತ್ತು. ಇನ್ನೊಂದು.
ಬ್ಯಾಡಾದ ಬೆಣ್ಣಿ ತಾನ ಬಂದು ಪಟ್ಟಿ ಮ್ಯಾಲ ಕುಂತಿತು,
ಉಳಿದದ್ದು ಗ್ವಾಡಿ.

ಮ್ಯಾಲ ಕಂಠ ಎದ್ದು ನಿಂತಿತ್ತು, ಬಾವಿ ಕಟ್ಟಿಯಂಗ.
ಅದನ್ನ ಹೊರಗ ದಬ್ಬಬಾರದು, ಅಂಚಿಂದ ನಡುವಿಗೆ ಎಳಕೋಬೇಕು,
ಒಂದೊಂದು ಸಲಕ್ಕೂ ಪಟ್ಟಿ ಒರಸಬೇಕು.
ಎಳದೆ, ಒರಸಿದೆ, ಎಳದೆ.
ಧಾರ ಬಂತು. ಬೆಳ್ಳಗ, ನೆಟ್ಟಗ,
ಇಸ್ತ್ರಿ ಮಾಡಿದ ಧೋತರದ ಮಡಿಕಿಯಂಗ.

ಅಪ್ಪ ಕಿಸೇದಾಗಿಂದ ತೂಕದ ಗುಂಡು ತಗದ.
ಕೆಲಸ ಬಿಟ್ಟು ವರ್ಷಾತು, ಇನ್ನೂ ಇಟಗೊಂಡ ತಿರಗ್ತಾನ.
ಕುಂತಲ್ಲಿಂದನ ದಾರ ಇಳಬಿಟ್ಟು
ಒಂದು ಕಣ್ಣು ಮುಚ್ಚಿದ.
ಬಾಯಿ ಶಿಲುಬಿ ಗುರುತು ಮಾಡಿಕೊಂಡ್ಳು.
ಗುಂಡು ತೂಗಾಡಿ ತೂಗಾಡಿ ನಿಂತಿತು.
ಅಪ್ಪ ಏನೂ ಅನ್ನಲಿಲ್ಲ.
ಅವ ಏನೂ ಅನ್ನಲಿಲ್ಲ ಅಂದ್ರ ಗ್ವಾಡಿ ಸರಳ ಐತಿ ಅಂತ.

ಆಮ್ಯಾಲ ಕೇಳಿದ, ಬಾಯಿಗೂ ತಿಳೀಲಿ ಅಂತ ಕೊಂಕಣಿಯಾಗ:
"ಎಷ್ಟು ದಿನ ನೀರು ಹೊಡೀಬೇಕು ಇದಕ್ಕ?"
ಬಾಯಿ ನಕ್ಕು ನಕ್ಕು ಜಪಸರದ ಲೆಕ್ಕ ತಪ್ಪಿದ್ಳು.
"ಎಂಟಕ್ಕ ಚಾಕು ಹಾಕ್ತಾರೋ ಮಾರಾಯಾ."
"ಇವತ್ತ?"
"ಇವತ್ತ."

ಅಪ್ಪ ಸೊಟ್ಟ ಮಣಿಕಟ್ಟು ತಿಕ್ಕೊಂಡ.
ಅವ ಗಿಲಾವು ಮಾಡಿದ ಮನಿಗೋಳು ಮಾಂಗೋರ್ ಗುಡ್ಡದ ಮ್ಯಾಲ
ಇನ್ನೂ ಹಂಗ ನಿಂತಾವ,
ಒಂದರೊಳಗೂ ಅವಗ ಚಾ ಕುಡದ ನೆನಪಿಲ್ಲ.

ಕರೆಂಟ್ ಬಂತು. ಫ್ರಿಜ್ಜು ಗುಂಯ್ ಅಂತು.
ಪಟ್ಟಿ ತೊಳ್ಯಾಕ ಹೊಂಟೆ.
"ತಾ ಇಲ್ಲೆ" ಅಂದ.
ದಿನಾ ಸಂಜೀಕ ಬಕೀಟಿನ ನೀರಾಗ ಕರಣಿ ತೊಳದು
ಗೋಣಿ ಚೀಲದಾಗ ಸುತ್ತಿ ಇಡತಿದ್ದವ
ಪಟ್ಟಿ ಎಡಗೈಯಾಗ ಹಿಡದು, ಆಕಡೆ ಈಕಡೆ ನೋಡಿ,
ಈ ತುದೀಂದ ಆ ತುದೀತನಕ
ನೆಕ್ಕಿದ.

"ಸುಣ್ಣ ಚಲೋ ಐತಿ," ಅಂದ.
"ಉಪ್ಪು ಒಂದ್ಚೂರು ಕಡಿಮಿ."